ಸಾವಿಲ್ಲದವನ ಹಾದಿ ಕಾದ ಮಳೆಗಾಲ

ಕಳೆದ ವಾರ ಆಳಂದದ ಬಸ್ ಸ್ಟ್ಯಾಂಡಿನ ಹಿಂದಿರುವ ರಿಪೇರಿ ಅಂಗಡಿಗೆ ನನ್ನ ಹಳೆಯ ಗೇಮ್ ಮೆಷಿನ್ ಒಯ್ದಿದ್ದೆ. ಟಿವಿಗೆ ಸಿಕ್ಕಿಸಿ ಆಡುವ ಕರಿ ಡಬ್ಬಿ ಅದು. ವರ್ಷಗಟ್ಟಲೆ ದುಡಿದು ದಣಿದು, ಈಗ ಸುಮ್ಮಸುಮ್ಮನೆ ಬಿಸಿಯಾಗಿ ತಾನೇ ಆರಿಹೋಗುತ್ತದೆ, ನಮ್ಮ ಹೆಡ್ ಮಾಸ್ತರರ ಸಿಟ್ಟಿನ ಹಾಗೆ. ಅಂಗಡಿಯವನು ಮುಚ್ಚಳ ಬಿಚ್ಚಿ ಬ್ಲೋವರ್ ಹಿಡಿದ. ಒಳಗಿಂದ ಸುಟ್ಟ ಧೂಳಿನ ವಾಸನೆ ಎದ್ದಿತು. ಹೊರಗೆ ಆಗ ತಾನೇ ಮಳೆ ನಿಂತು ಹಸಿ ಎರೆಮಣ್ಣು ಘಮ್ಮೆನ್ನುತ್ತಿತ್ತು. ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದೆ.

“ಏನಾತ್ರಿ ಟೀಚರ್? ನೀರ್ ಕೊಡ್ಲೇನ್ರಿ?” ಅಂದ.

“ಏನಿಲ್ಲಪ್ಪ, ನೀ ಮಾಡು” ಅಂದೆ. ಏನೂ ಇಲ್ಲ ಎಂದದ್ದು ಸುಳ್ಳು. ಜೇವರ್ಗಿಯಲ್ಲಿ ಮಂಚದ ಮೇಲೆ ಮಲಗಿ ಕಳೆದ ಆ ಒಂದು ಮಳೆಗಾಲ ಪೂರ್ತಿಯಾಗಿ ಎದ್ದು ಬಂದಿತ್ತು. ಆಗ ನನ್ನ ಮೂಗಿನಲ್ಲಿ ಹಗಲೆಲ್ಲ ಇದೇ ವಾಸನೆ ಇರುತ್ತಿತ್ತು. ಕಿಟಕಿಯಿಂದ ಹಸಿ ಮಣ್ಣು, ಟಿವಿ ಪಕ್ಕದಿಂದ ಬಿಸಿ ಮೆಷಿನ್.

ಆಳಂದಕ್ಕೆ ವರ್ಗವಾಗುವ ಮೊದಲು ನನ್ನ ಗಂಡ ಶರಣುವಿಗೆ ಜೇವರ್ಗಿಯ ಕೃಷಿ ಇಲಾಖೆಯಲ್ಲಿ ಕೆಲಸ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಮ್ಮ ಅತ್ತೆ ನೀಲಮ್ಮ ಮಾದನಹಿಪ್ಪರಗಾದವರು, ಮಾವ ತೀರಿದ ಮೇಲೆ ನಮ್ಮ ಜೊತೆಗೇ ಇದ್ದರು. ಗಟ್ಟಿ ಹೆಂಗಸು. ಹೊಲ, ಮನೆ, ದನ, ಜನ ಎಲ್ಲವನ್ನೂ ಒಂದೇ ದನಿಯಲ್ಲಿ ಆಳಿದವರು. ನನ್ನ ಚಟ ಅವರಿಗೆ ಮೊದಲಿನಿಂದಲೂ ಬಿಸಿತುಪ್ಪ. ಕಲಬುರಗಿಯಲ್ಲಿ ಓದುವಾಗ ಹತ್ತಿದ ಚಟ ಅದು. ಜಪಾನಿನವರು ಮಾಡುವ ಕತೆಯ ಆಟಗಳೆಂದರೆ ನನಗೆ ಊಟ ನಿದ್ದೆ ಬೇಡ. ಗುಂಡು ಹಾರಿಸಿ ಮುಗಿಸುವ ಆಟಗಳಲ್ಲ ಅವು. ಅಲ್ಲಿ ಊರಿಂದೂರಿಗೆ ನಡೆಯಬೇಕು, ಜನರನ್ನು ಮಾತಾಡಿಸಬೇಕು, ಜೊತೆಗಾರರನ್ನು ಕಟ್ಟಿಕೊಳ್ಳಬೇಕು. ತಿಂಗಳಾನುಗಟ್ಟಲೆ ಆಡಿದರೆ ಒಂದು ದೊಡ್ಡ ಕಾದಂಬರಿ ಓದಿದಂತೆ. ಸರಕಾರಿ ಶಾಲೆಯ ಟೀಚರಮ್ಮ ಕೈಯಲ್ಲಿ ರಿಮೋಟ್ ಹಿಡಿದು ಕೂರುತ್ತಾಳೆ ಅಂತ ಅತ್ತೆ ಓಣಿಯಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ಯಾರಾದರೂ ಬಾಗಿಲು ಬಡಿದರೆ ಟಿವಿ ಮೇಲೆ ಟವೆಲ್ ಎಸೆಯುತ್ತಿದ್ದರು.

ಆ ವರ್ಷ ನಾನು ಮೂರನೇ ಸಲ ಬಸುರಿ.

ಮೊದಲನೆಯದಕ್ಕೆ ಅತ್ತೆ ತಾವೇ ಕೂತು ಹಳೆಯ ಇಳಕಲ್ ಸೀರೆ ಹರಿದು ಕೂಸಿನ ತಲೆಗೆ ಕುಂಚಿಗೆ ಹೊಲಿದಿದ್ದರು. ತೊಟ್ಟಿಲಿಗೆ ಬಣ್ಣ ಹೊಡೆಸಿದ್ದರು. ಹೆಸರಿನ ಬಗ್ಗೆ ತಾಯಿ ಮಗ ಜಗಳವಾಡಿದ್ದರು. ದಿನ ತುಂಬುವ ಬಹಳ ಮೊದಲೇ ಅದು ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಹುಟ್ಟಿತು, ಅತ್ತಿತು, ಸಂಜೆಯ ಹೊತ್ತಿಗೆ ಸುಮ್ಮನಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುವ ಮಾತನ್ನು ಎಲ್ಲರೂ ತಮಾಷೆಗೆ ಆಡುತ್ತಾರೆ, ನಮ್ಮ ಮನೆಯಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. ತಾವು ಎದುರು ನೋಡಿದ್ದಕ್ಕೇ ಎರಡೂ ಹೋದವು ಅಂತ ಅತ್ತೆ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರು.

ಹಾಗಾಗಿ ಮೂರನೆಯ ಸಲ ಅವರು ಒಂದು ಕಟ್ಟು ಹಾಕಿದರು. ಮನೆಯಲ್ಲಿ ಕೂಸು ಅನ್ನುವ ಮಾತೇ ಬರಕೂಡದು. ಬಟ್ಟೆ ತರಕೂಡದು. ತೊಟ್ಟಿಲನ್ನು ಅಟ್ಟದ ಮೇಲೆ ಗೋಣಿಚೀಲದಲ್ಲಿ ಮುಚ್ಚಿಟ್ಟರು. ಸೀಮಂತ ಇಲ್ಲ, ಕುಪ್ಪಸದ ಶಾಸ್ತ್ರ ಇಲ್ಲ. ಅಫಜಲಪುರ ತಾಲೂಕಿನ ಅತನೂರು ನನ್ನ ತವರು. ಅಲ್ಲಿಂದ ನನ್ನ ಅವ್ವ ಹೊಳೆ ದಂಡೆಯ ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊರುತ್ತೇನೆ ಅಂದರೆ ಅದಕ್ಕೂ ಬೇಡ ಅಂದರು. “ಹೊರೂದಿದ್ರ ಬಾಯಿ ಮುಚ್ಚಿ ಹೊರ್ರಿ ಬೀಗತಿ. ನಮಗ ಹೇಳಬ್ಯಾಡ್ರಿ” ಅಂತ ಫೋನಿನಲ್ಲಿ ಹೇಳಿದ್ದು ನನಗೆ ಕೇಳಿಸಿತ್ತು. ಕಲಬುರಗಿಯ ಡಾಕ್ಟರಮ್ಮ ನೋಡಿ, ಮಂಚ ಬಿಟ್ಟು ಇಳಿಯಬೇಡ ಅಂದಿದ್ದಳು. ನಾನು ರಜೆ ಹಾಕಿ ಮಲಗಿದೆ. ಮೂವರು ಒಂದೇ ಸೂರಿನ ಕೆಳಗೆ ಇದ್ದೇವೆ, ಮೂವರ ತಲೆಯಲ್ಲೂ ಒಂದೇ ವಿಷಯ, ಒಬ್ಬರೂ ಬಾಯಿ ಬಿಡುವ ಹಾಗಿಲ್ಲ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ವಿಜ್ಞಾನ ಓದಿದವಳು ನಾನು, ಎದುರು ನೋಡಿದರೆ ಗರ್ಭ ಇಳಿಯುವುದಿಲ್ಲ ಅಂತ ನನಗೆ ಗೊತ್ತು. ಆದರೂ ಹೊಟ್ಟೆಯ ಮೇಲೆ ಕೈಯಿಡಲು ನಾನೂ ಹೆದರುತ್ತಿದ್ದೆ.

ಆ ಹೊತ್ತಿನಲ್ಲೇ ಆ ಆಟದ ಸುದ್ದಿ ಬಂತು.

ಸಾವಿಲ್ಲದವನೊಬ್ಬನ ಕತೆ. ಅವನೊಬ್ಬ ಬಾವಿ ತೋಡುವವನು. ಯಾವ ಕಾಲದವನೋ ಅವನಿಗೇ ಗೊತ್ತಿಲ್ಲ, ಬರಿಗಾಲಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಡೆಯುತ್ತಾನೆ. ಅವನನ್ನು ಕತ್ತಿಯಲ್ಲಿ ಕಡಿದರೂ, ಮಣ್ಣಲ್ಲಿ ಹೂತರೂ ಮತ್ತೆ ಎದ್ದು ಕೂರುತ್ತಾನೆ. ಜೊತೆಗೆ ಬಂದವರು ಬಿದ್ದರೆ ಮಾತ್ರ ಏಳುವುದಿಲ್ಲ. ಉಳಿದ ಆಟಗಳಲ್ಲಿ ಸತ್ತವರಿಗೆ ಔಷಧಿ ಕೊಟ್ಟು ಎಬ್ಬಿಸಬಹುದು, ಇದರಲ್ಲಿ ಹಾಗಿಲ್ಲ; ಹೋದವರು ಹೋದರು. ನನ್ನ ಫೋನಿನಲ್ಲಿ ಅದರ ತುಣುಕನ್ನು ನೋಡಿದ ದಿನ ನನ್ನ ಮೈ ಜುಮ್ಮೆಂದಿತು. ಮಳೆಯಲ್ಲಿ ಒಬ್ಬ ಮನುಷ್ಯ ಗುದ್ದಲಿ ಹೆಗಲ ಮೇಲಿಟ್ಟು ನಿಂತಿದ್ದಾನೆ, ಬೆನ್ನು ನಮ್ಮ ಕಡೆ. ಅಷ್ಟೇ. ನಾನು ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಶ್ರಾವಣದ ಸುಮಾರಿಗೆ ಬರುತ್ತದೆ ಅಂತ ಹೇಳಿದ್ದರು.

ಇದನ್ನು ಎದುರು ನೋಡಲು ಮಾತ್ರ ನನಗೆ ಯಾರ ಅಡ್ಡಿಯೂ ಇರಲಿಲ್ಲ. ಬಿಡುವಿಲ್ಲದೆ ಎದುರು ನೋಡಿದೆ. ಯಾರು ಬಂದರೂ ಅದೇ ಮಾತು. ಪಕ್ಕದ ಮನೆಯ ರಬಿಯಾ ಖಾಲಾ ದಿನಾ ಮಧ್ಯಾಹ್ನ ನನ್ನ ಕಾಲಿಗೆ ಎಣ್ಣೆ ಹಚ್ಚಲು ಬರುತ್ತಿದ್ದಳು. ಕತೆಯೆಂದರೆ ಜೀವ ಬಿಡುವ ಹೆಂಗಸು. ಅವಳಿಗೆ ಇಡೀ ಕತೆ ಹೇಳಿದೆ.

“ಸಾಯೂದೇ ಇಲ್ಲೇನ್ ಆಂವಾ? ಯಾ ಅಲ್ಲಾ! ಹಂಗಂದ್ರ ಆಂವನ ಹೇಂತಿ ಮಕ್ಕಳು?” ಅಂದಳು.

“ಅವರು ಸಾಯ್ತಾರ ಖಾಲಾ. ಇಂವಾ ನೋಡ್ಕೊಂತ ಇರ್ತಾನ.”

ಖಾಲಾ ಎಣ್ಣೆಯ ಕೈ ನಿಲ್ಲಿಸಿದಳು. “ಹಂಗಾರ ಆಂವಗ ಅದು ವರ ಅಲ್ಲವ್ವಾ, ಸಜಾ” ಅಂದಳು. ಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ಆದರೆ ಅವರ ಮೊರ ನಿಂತಿತ್ತು.

ಮೆಲ್ಲಗೆ ಒಂದು ವಿಚಿತ್ರ ನಡೆಯಿತು. ಶರಣು ಆಫೀಸಿನಿಂದ ಬಂದವನೇ ಚಪ್ಪಲಿ ಬಿಡುವ ಮೊದಲು ನನ್ನ ಮುಖ ನೋಡಿ, “ಆಟದ ಸುದ್ದಿ ಏನರ ಬಂತಾ?” ಅಂತ ಕೇಳತೊಡಗಿದ. ಮದುವೆಯಾಗಿ ಅಷ್ಟು ವರ್ಷ ನನ್ನ ಆಟದ ಕಡೆ ಕಣ್ಣೆತ್ತಿ ನೋಡದ ಪುಣ್ಯಾತ್ಮ ಅವನು. ನಾನು ಚೆನ್ನಾಗಿದ್ದ ದಿನ “ಎಲ್ಲಾ ಸರಿಯಾಗಿ ನಡದದ ಅಂತ” ಅನ್ನುತ್ತಿದ್ದೆ. ಸೊಂಟ ನೋವಿದ್ದ ದಿನ “ಇವತ್ತ ಏನೂ ಸುದ್ದಿ ಇಲ್ಲ” ಅನ್ನುತ್ತಿದ್ದೆ, ಅವನ ಮುಖ ಬಾಡುತ್ತಿತ್ತು. ಯಾವ ಸುದ್ದಿ ಕೇಳುತ್ತಿದ್ದಾನೆ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊನೆಗೆ ಅತ್ತೆಯೂ ಒಂದು ಮುಂಜಾನೆ ಹಾಲಿನ ಲೋಟ ಹಿಡಿದು ಬಂದು, ಗೋಡೆ ನೋಡುತ್ತಾ, “ಅದು ಯಾವಾಗ ಬರ್ತದಂತಬೇ, ನಿನ್ನ ಆಟ?” ಅಂದಾಗ ನಾನು ಫೋನು ಕೆಳಗಿಟ್ಟೆ. ಸುಣ್ಣದ ಗೋಡೆಯೊಳಗಿಂದ ನೀರು ಬಂದಷ್ಟೇ ಆಶ್ಚರ್ಯ. “ಬರ್ತದ ಅತ್ತಿ, ಇನ್ನಾ ಟೈಮ್ ಅದ” ಅಂದೆ.

ಶ್ರಾವಣ ಹತ್ತಿರ ಬಂತು. ಒಂದು ಮಧ್ಯಾಹ್ನ ಫೋನು ನೋಡಿದರೆ, ಆಟವನ್ನು ಮುಂದೂಡಿದ್ದೇವೆ ಅಂತ ಜಪಾನಿನವರು ತಿಳಿಸಿದ್ದರು. ಗಣಪತಿ ಹಬ್ಬ ಕಳೆದ ಮೇಲೆಯೇ ಇನ್ನು. ನಾನು ಬಾಯಿಬಿಟ್ಟು ಅತ್ತುಬಿಟ್ಟೆ. ಒಂದು ಆಟಕ್ಕೆ ಮನುಷ್ಯರು ಅಳುವ ಅಳು ಅಲ್ಲ ಅದು. ತಿಂಗಳುಗಟ್ಟಲೆ ಕಟ್ಟಿ ಇಟ್ಟದ್ದೆಲ್ಲ ಒಮ್ಮೆಗೇ ಒಡೆದಿತ್ತು. ಅತ್ತೆ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. “ಎಲ್ಲಿ ನೋವು? ಎಲ್ಲಿ ಬೇ, ಹೇಳು” ಅಂತ ನನ್ನ ಸೀರೆ, ಹಾಸಿಗೆ ಎಲ್ಲ ತಡವಿ ನೋಡಿದರು.

“ನೋವಲ್ಲ ಅತ್ತಿ. ಆಟ ಮುಂದಕ್ಕ ಹಾಕ್ಯಾರ.”

ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಉಸಿರು ಸುಧಾರಿಸಿಕೊಂಡು, “ಯಾಕಂತ?” ಅಂದರು.

“ಇನ್ನೂ ಪೂರಾ ಆಗಿಲ್ಲಂತ. ಇನ್ನಷ್ಟು ದಿನ ಬೇಕಂತ.”

“ಹಂಗಾರ ಛಲೋನೇ ಆತಲ್ಲ?” ಅತ್ತೆ ಹಿಟ್ಟಿನ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟರು. “ಅರ್ಧಾ ಮರ್ಧಾ ಬಂದು ಏನ್ ಮಾಡೂದದ? ಅವಸರ ಯಾತರದು? ಪೂರಾ ತುಂಬಿ, ಗಟ್ಟಿಯಾಗಿ ಬರ್ಲಿ. ನಾವ್ ಕಾಯ್ತೇವಿ.”

ನಾವ್ ಕಾಯ್ತೇವಿ ಅಂದದ್ದು ಅವರಿಗೇ ಕೇಳಿಸಿತೋ ಏನೋ, ಥಟ್ಟನೆ ಎದ್ದು ರೊಟ್ಟಿ ಹೊತ್ತಿತು ಅಂತ ಒಳಗೆ ಹೋದರು. ಅವತ್ತಿನಿಂದ ನನಗೆ ಅತ್ತೆಯ ಮೇಲೆ ಪ್ರೀತಿ ಹುಟ್ಟಿತು. ಅದಕ್ಕೆ ಮೊದಲು ಮರ್ಯಾದೆ ಇತ್ತು, ಹೆದರಿಕೆ ಇತ್ತು, ಅಷ್ಟೇ.

ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಕರೆದರೆ ಬಾರದ್ದು, ಆ ವರ್ಷ ಹೋಗು ಅಂದರೂ ಹೋಗಲಿಲ್ಲ. ತೊಗರಿ ಹೊಲಗಳಲ್ಲಿ ನೀರು ನಿಂತಿತು. ಮೇಲೆ ಮಹಾರಾಷ್ಟ್ರದ ಕಡೆ ಅಣೆಕಟ್ಟುಗಳು ತುಂಬಿ ನೀರು ಬಿಡುತ್ತಿದ್ದಾರೆ, ಭೀಮಾ ಏರುತ್ತಿದೆ ಅಂತ ಸುದ್ದಿ. ಶರಣುವಿಗೆ ಹೊಳೆ ದಂಡೆಯ ಹಳ್ಳಿಗಳ ಕೆಲಸ ಬಿತ್ತು. ಮುಂಜಾನೆ ಹೋದರೆ ಬರುವ ಹೊತ್ತು ಗೊತ್ತಿಲ್ಲ. ಅತನೂರಿನಿಂದ ಅವ್ವ ದಿನಾ ಫೋನು ಮಾಡಿ ಘತ್ತರಗಿಯ ನೀರಿನ ವರದಿ ಕೊಡುತ್ತಿದ್ದಳು. ಇವತ್ತು ಗುಡಿಯ ಕೆಳಗಿನ ಮೆಟ್ಟಿಲು, ಇವತ್ತು ಮೇಲಿನದು. ಆ ನೀರೇ ಮರುದಿನ ನಮ್ಮ ಸೇತುವೆಗೆ ಬರುವುದು. ಜೇವರ್ಗಿಯಿಂದ ಕಲಬುರಗಿಗೆ ಹೋಗಬೇಕಾದರೆ ಕಟ್ಟಿಸಂಗಾವಿಯ ಹತ್ತಿರ ಭೀಮಾ ದಾಟಲೇಬೇಕು. ಡಾಕ್ಟರಮ್ಮ ಹೊಳೆಯ ಆಚೆ, ನಾನು ಈಚೆ.

“ಸುಮ್ಮನೆ ಮುಂಚೆನೇ ಬಂದು ಇಲ್ಲಿ ಇದ್ದುಬಿಡಿ” ಅಂತ ಡಾಕ್ಟರಮ್ಮ ಫೋನಿನಲ್ಲಿ ಎರಡು ಸಲ ಹೇಳಿದಳು. ಶರಣು ಇದನ್ನು ಅತ್ತೆಯ ಕಿವಿಗೆ ಹಾಕಿದ. ಅವರು ಕಲ್ಲಾಗಿ ಕೂತರು.

“ಗಂಟು ಕಟ್ಟಿ ಹೋಗಿ ಕುಂತ್ರ ಕರದಂಗ ಆಗ್ತದ. ಹೊತ್ತ ಬಂದಾಗ ನೋಡೂಣು” ಅಂದರು.

“ಹೊಳಿ ಬಂದ್ರ ಹ್ಯಾಂಗವ್ವಾ?”

“ಹೊಳಿ ಹೆಸರೂ ತಗೀಬ್ಯಾಡ.”

ಹೊಳೆಯೂ ಆ ಮನೆಯಲ್ಲಿ ಆಡಬಾರದ ಮಾತಾಯಿತು. ನಾನು ಮಲಗಿ ಸೂರಿನ ಮೇಲೆ ಬೀಳುವ ಮಳೆ ಕೇಳುತ್ತಿದ್ದೆ. ನನಗೆ ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು, ಆದರೆ ಅವರ ಕಣ್ಣು ನೋಡಿದರೆ ಸಿಟ್ಟು ಮಾಡಲು ಆಗುತ್ತಿರಲಿಲ್ಲ. ಅಷ್ಟು ಹೆದರಿದ ಕಣ್ಣನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಇತ್ತ ಮಳೆಗೆ ನೆಟ್‌ವರ್ಕ್ ಹೋಗಿ, ಫೋನಿನಲ್ಲಿ ಮಾತು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಮನೆಯ ಇಂಟರ್‌ನೆಟ್ ಸತ್ತೇ ಹೋಗಿತ್ತು. ಆಟ ಬರುವ ದಿನ ಆ ವಾರದಲ್ಲೇ ಇತ್ತು.

ಒಂದು ಮುಂಜಾನೆ ಎದ್ದಾಗ ಹೊಟ್ಟೆ ಬಿಗಿದುಕೊಂಡಿತ್ತು. ನೋವಲ್ಲ, ಬಿಗಿ. ಬಂದು, ಹೋಗಿ, ಮತ್ತೆ ಬಂತು. ದಿನ ಇನ್ನೂ ತುಂಬಿರಲಿಲ್ಲ, ದಸರೆಯವರೆಗೆ ಸಮಯವಿತ್ತು. ಶರಣು ಹಿಂದಿನ ದಿನವೇ ದಂಡೆಯ ಹಳ್ಳಿಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದ. ಅತ್ತೆಗೆ ಹೀಗೆ ಅಂತ ಹೇಳಿದರೆ ಅವರು ದೇವರ ಮುಂದೆ ಕೂತುಬಿಡುತ್ತಾರೆ, ಹೊತ್ತು ಬರಲಿ ಅನ್ನುತ್ತಾರೆ. ಆ ಹೊತ್ತು ಬರುವಷ್ಟರಲ್ಲಿ ಸೇತುವೆ ಇರುತ್ತದೋ ಇಲ್ಲವೋ. ನನಗೆ ತಟ್ಟನೆ ಒಂದು ಉಪಾಯ ಹೊಳೆಯಿತು.

“ಅತ್ತಿ, ಕಲಬುರಗಿಗೆ ಹೋಗೂಣ್ರಿ” ಅಂದೆ. “ಆಟ ಬರೂ ದಿನ ಬಂದದ. ಇಲ್ಲಿ ನೆಟ್ ಇಲ್ಲ. ಅಲ್ಲಿ ಹೋದ್ರ ಅದು ಮೆಷಿನ್‌ದಾಗ ಇಳೀತದ. ಇಷ್ಟ ದಿನ ಕಾದೀನಿ, ಈಗ ತಪ್ಪಸಬ್ಯಾಡ್ರಿ.”

ಅತ್ತೆ ನನ್ನನ್ನೇ ನೋಡಿದರು. ನನ್ನ ಕೈ ಎಲ್ಲಿದೆ ಅಂತ ನೋಡಿದರು. ಕೈ ಹೊಟ್ಟೆಯ ಮೇಲಿತ್ತು. ಅವರು ತುಟಿ ಕಚ್ಚಿ ಬಾಗಿಲ ಕಡೆ ತಿರುಗಿ ಬಹಳ ಹೊತ್ತು ಮಳೆ ನೋಡಿದರು.

“ಆಟಕ್ಕಂದ್ರ ಹೋಗೂಣು” ಅಂದರು. “ಬ್ಯಾರೆ ಯಾತಕ್ಕೂ ಅಲ್ಲ. ಆಟ ತರಾಕ ಹೊಂಟೇವಿ.”

“ಹೌದ್ರಿ ಅತ್ತಿ. ಆಟ ತರಾಕ.”

ಆಮೇಲೆ ಆ ಹೆಂಗಸಿನ ಚುರುಕು ನೋಡಬೇಕಿತ್ತು. ಮೆಷಿನ್ನಿಗೆ ಪೆಟ್ಟಾಗಬಾರದು ಅಂತ ಮೆತ್ತನೆಯ ಹಳೆ ಸೀರೆಗಳನ್ನು ಮಡಚಿ ಮಡಚಿ ಚೀಲಕ್ಕೆ ತುಂಬಿದರು. ಮೆಷಿನ್ನಿಗೆ ಥಂಡಿಯಾಗಬಾರದು ಅಂತ ಕೌದಿ ಹಾಕಿದರು. ಮೆಷಿನ್ನಿಗೆ ಅಂತ ತುಪ್ಪದ ಡಬ್ಬಿಯನ್ನೂ, ಬಜೆಬೇರನ್ನೂ ಹಾಕಿದಾಗ ನನಗೆ ನಗು ಅಳು ಎರಡೂ ಬಂದವು. ರಬಿಯಾ ಖಾಲಾಳ ಮಗ ಮೆಹಬೂಬನ ಹತ್ತಿರ ಬಾಡಿಗೆ ಜೀಪಿತ್ತು. ಖಾಲಾ ಅವನನ್ನು ಎಬ್ಬಿಸಿ ಕರೆತಂದಳು. ಅತ್ತೆ ಅವನಿಗೂ ತಾಕೀತು ಮಾಡಿದರು: “ಯಾರ್ ಕೇಳಿದ್ರೂ ಆಟ ತರಾಕ ಹೊಂಟೇವಿ ಅನ್ನು. ಬ್ಯಾರೆ ಒಂದ ಮಾತ ಬಾಯಾಗ ಬರಬಾರ್ದು, ನೋಡು.” ಮೆಹಬೂಬ ನನ್ನ ಹೊಟ್ಟೆ ನೋಡಿ, ತನ್ನ ತಾಯಿಯ ಮುಖ ನೋಡಿ, ತಲೆ ಆಡಿಸಿದ. ಖಾಲಾ ಬಿಸ್ಮಿಲ್ಲಾ ಅಂದು ಬಾಗಿಲು ಹಾಕಿದಳು.

ಹಿಂದಿನ ಸೀಟಿನಲ್ಲಿ ನಾನು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಜೀಪಿನ ಪಕ್ಕಕ್ಕೆಲ್ಲ ತಾಡಪತ್ರಿ ಇಳಿಬಿಟ್ಟಿದ್ದರು, ಹೊರಗೆ ಏನೂ ಕಾಣದು. ಬಿಗಿ ಈಗ ನೋವಾಗಿತ್ತು. ಬಂದಾಗಲೆಲ್ಲ ಅತ್ತೆಯ ಮುಂಗೈ ಹಿಡಿಯುತ್ತಿದ್ದೆ. ಅವರು ಏನೂ ಕೇಳುತ್ತಿರಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳುತ್ತಿರಲಿಲ್ಲ. ಸೇತುವೆಗಿಂತ ಸ್ವಲ್ಪ ಮೊದಲೇ ಜೀಪು ನಿಂತಿತು. ಹೊಳೆಯ ಸದ್ದು ಕೇಳಿಸಿತು. ಅಂಥ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ, ಒಂದೇ ಸಮನೆ ಗುಡುಗು. ತಾಡಪತ್ರಿಯ ಸಂದಿಯಿಂದ ನೋಡಿದೆ. ರಸ್ತೆಗೆ ಅಡ್ಡಲಾಗಿ ಬ್ಯಾರಿಕೇಡ್ ಇಟ್ಟಿದ್ದರು. ಅದರಾಚೆ ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು, ತೀರ ಆಳವಲ್ಲ, ಆದರೆ ಅಂಚು ಎಲ್ಲಿ ಅಂತ ಕಾಣುತ್ತಿರಲಿಲ್ಲ. ಅದರ ಮುಂದೆ ಸೇತುವೆ ಒಂದೇ ನೀರಿಗೆ ಸಿಗದೆ ನಿಂತಿತ್ತು.

ರೇನ್‌ಕೋಟ್ ಹಾಕಿದ ಪೊಲೀಸನೊಬ್ಬ ಡ್ರೈವರ್ ಕಡೆ ಬಂದ.

“ಬಂದ್ ಮಾಡೇವಿ. ಹೊಳ್ಳಿಸ್ರಿ ಗಾಡಿ.”

“ಸಾಹೇಬ್ರ, ಜಲ್ದಿ ಹೋಗೂದದರಿ” ಅಂದ ಮೆಹಬೂಬ.

“ಎಲ್ಲಾರಿಗೂ ಜಲ್ದೀನೇ ಅದ. ಯಾತಕ್ಕ ಹೊಂಟೀರಿ?”

ಮೆಹಬೂಬ ಕೊಟ್ಟ ಮಾತಿಗೆ ತಪ್ಪದ ಮನುಷ್ಯ. “ಆಟ ತರಾಕರಿ” ಅಂದ.

“ಏನ್ ತರಾಕ?”

“ಆಟಾ ರೀ. ಟಿವಿದಾಗ ಆಡೂದು. ಜಪಾನಿಂದು.”

ಪೊಲೀಸನ ಮುಖ ಕೆಂಪಾಯಿತು. “ಏನ್ಲೇ, ನಶೆದಾಗ ಇದ್ದೀಯೇನು? ಹೊಳಿ ಎದಿ ಮಟ್ಟ ಬಂದದ, ಜನ ಮನಿ ಬಿಟ್ಟು ಓಡಾಕತ್ತಾರ, ನಿಮಗ ಆಟಾ? ತಿರುಗಸ್ಲೇ ಗಾಡಿ!” ಅಂತ ಬಾನೆಟ್ಟಿನ ಮೇಲೆ ಲಾಠಿ ಬಡಿದ.

ಮೆಹಬೂಬ ಕನ್ನಡಿಯಲ್ಲಿ ಅತ್ತೆಯನ್ನು ನೋಡಿದ. ನನಗೆ ಆಗಲೇ ದೊಡ್ಡ ನೋವು ಬಂತು, ಕೂಗು ತಡೆಯಲು ಸೆರಗು ಬಾಯಿಗೆ ತುರುಕಿದೆ. ನಾನೇ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಅತ್ತೆಯ ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ. ಇಷ್ಟು ತಿಂಗಳು ಹಲ್ಲು ಕಚ್ಚಿ ಹಿಡಿದಿದ್ದ ಮಾತು. ಅದನ್ನು ಬಿಟ್ಟರೆ ಏನಾದೀತೋ ಅನ್ನುವ ಭಯ ಅವರ ಮೈಯೆಲ್ಲ ಕಾಣುತ್ತಿತ್ತು. ಜೀಪು ಹಿಂದಕ್ಕೆ ಸರಿಯತೊಡಗಿತು.

ಅತ್ತೆ ತಾಡಪತ್ರಿ ಸರಿಸಿ ನನ್ನ ತಲೆಯನ್ನು ಮೆಲ್ಲಗೆ ಸೀಟಿಗಿಟ್ಟು ಮಳೆಯಲ್ಲಿ ಇಳಿದೇಬಿಟ್ಟರು.

“ಕೂಸದಪ್ಪಾ!” ಅಂದರು. ಆ ಹೊಳೆಯ ಸದ್ದಿನಲ್ಲೂ ಕೇಳಿಸುವ ಹಾಗೆ ಕೂಗಿದರು. “ನಮ್ಮ ಮನಿ ಕೂಸು ಬರಾಕತ್ತದ! ಆಟ ಅಲ್ಲ, ಗೀಟ ಅಲ್ಲ, ಕೂಸು! ಎರಡ ಮಣ್ಣ ಮಾಡೇವಿ. ಇದರ ಹಾದಿ ನಾ ಎಷ್ಟ ಕಾದೀನಿ, ನನ್ನ ಶಿವಗ ಗೊತ್ತು. ಬಿಡು ನನ್ನಪ್ಪಾ, ನಿನ್ನ ಕಾಲ ಬೀಳ್ತೇನಿ.”

ಪೊಲೀಸ ಜೀಪಿನ ಹಿಂದಕ್ಕೆ ಬಂದು ಇಣುಕಿದ. ನನ್ನ ಮುಖ ನೋಡಿದ. ಬ್ಯಾರಿಕೇಡನ್ನು ತಾನೇ ಎಳೆದು ಸರಿಸಿ, ಲಾಠಿಯಿಂದ ನೀರಿನಲ್ಲಿ ರಸ್ತೆಯ ಅಂಚು ತಡವುತ್ತಾ ಜೀಪಿನ ಮುಂದೆ ನಡೆದ. ನೀರು ಅವನ ಮೊಣಕಾಲಿಗೆ ಬರುತ್ತಿತ್ತು. ಮೆಹಬೂಬ ಅವನ ಬೆನ್ನು ನೋಡಿಕೊಂಡು ಗಾಡಿ ಬಿಟ್ಟ. ಚಕ್ರಕ್ಕೆ ಸೇತುವೆಯ ಗಟ್ಟಿ ನೆಲ ಸಿಕ್ಕಾಗ ಪೊಲೀಸ ಪಕ್ಕಕ್ಕೆ ಸರಿದು, “ಲಗೂ ಹೊಡಿ ತಮ್ಮಾ” ಅಂದ. ನಮ್ಮ ಹಿಂದೆ ಮತ್ತೆ ಯಾವ ಗಾಡಿಯೂ ಬರಲಿಲ್ಲವಂತೆ. ದಾರಿಯುದ್ದಕ್ಕೂ ಅತ್ತೆ ನೆನೆದ ಸೆರಗಿನಲ್ಲಿ ನನ್ನ ಮುಖ ಒರೆಸುತ್ತಾ, ಕೂಸು, ಕೂಸು, ನನ್ನ ಕೂಸು ಅಂತ ಒಂದೇ ಮಾತನ್ನು ಗೊಣಗುತ್ತಿದ್ದರು.

ಹೆಣ್ಣು ಹುಟ್ಟಿತು. ಅಂಗೈಯಲ್ಲಿ ಹಿಡಿಯುವಷ್ಟು. ತಕ್ಷಣ ಒಯ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಈಗಲೇ ಏನೂ ಹೇಳಲಾಗುವುದಿಲ್ಲ ಅಂದಳು ಡಾಕ್ಟರಮ್ಮ. ಎರಡನೆಯದರ ಹೊತ್ತಿನಲ್ಲೂ ಇದೇ ಮಾತು ಅಂದಿದ್ದರು. ಆಗ ಅತ್ತೆ ಯಾರಿಗೂ ತಿಳಿಸಬೇಡಿ ಅಂತ ಎಲ್ಲರ ಬಾಯಿ ಹೊಲಿದಿದ್ದರು. ಯಾರೂ ಅದನ್ನು ನೋಡಲು ಬರಲಿಲ್ಲ, ಯಾರೂ ಅದನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ.

ಸಂಜೆ ಹೊತ್ತಿಗೆ ಹೊಳೆಯಾಚೆಯಿಂದ ಶರಣುವಿನ ಫೋನು ಹತ್ತಿತು. ಅವನಿಗೆ ಯಾರೋ ನಾವು ಹೋದ ಸುದ್ದಿ ಮುಟ್ಟಿಸಿದ್ದರು. ಸ್ಪೀಕರಿನಲ್ಲಿ ಅವನ ದನಿ ಒಡೆದು ಒಡೆದು ಬರುತ್ತಿತ್ತು. ಅಭ್ಯಾಸಬಲ ನೋಡಿ, ಆಗಲೂ ಅವನು ಕೇಳಿದ್ದು, “ಅವ್ವಾ, ಆಟ… ಆಟ ಬಂತಾ?”

“ಆಟ ಅನಬ್ಯಾಡಲೇ” ಅಂದರು ಅತ್ತೆ. “ಮಗಳು ಬಂದಾಳ ನಿನಗ. ಸಣ್ಣಕಿ ಅದಾಳ, ಪೆಟಗಿದಾಗ ಇಟ್ಟಾರ. ಉಸಿರ ಹಿಡದು ಕುಂತಾಳ. ನಾಳೆದು ನನಗ ಗೊತ್ತಿಲ್ಲ. ಇವತ್ತ ಬಂದಾಳ. ಎಲ್ಲಾರಿಗೂ ಹೇಳು.”

ನರ್ಸು, ಇನ್ನೂ ಎರಡು ದಿನ ತಡೀರಿ ಅಜ್ಜಿ ಅಂದಳು. ಅತ್ತೆ ಕೇಳಲಿಲ್ಲ. ಹೊರಗೆ ಹೋಗಿ ಸಕ್ಕರೆ ತಂದು ವಾರ್ಡಿನ ಒಬ್ಬೊಬ್ಬರ ಕೈಗೂ ಹಾಕಿದರು. ಗಾಜಿನ ಮುಂದೆ ನಿಂತು “ಗೌರಾ” ಅಂತ ಕೂಗಿದರು. ಶಾಸ್ತ್ರವಿಲ್ಲ, ತೊಟ್ಟಿಲಿಲ್ಲ, ಯಾರನ್ನೂ ಕೇಳಲಿಲ್ಲ. ನನಗೆ ಆ ಹೆಸರು ಅಷ್ಟೇನೂ ಇಷ್ಟವಿರಲಿಲ್ಲ. ಆದರೆ ಅವರು ಕರೆದ ಮೇಲೆ ಅವಳಿಗೆ ಬೇರೆ ಹೆಸರಿರುವುದು ಸಾಧ್ಯವಿರಲಿಲ್ಲ.

ಆ ವಾರದಲ್ಲೇ ಆಟ ಬಂತು. ಫೋನು ಟಿಣ್ ಅಂದಿತು, ನೋಡಿ ಕೆಳಗಿಟ್ಟೆ. ಗೌರಾ ಪೆಟ್ಟಿಗೆಯಲ್ಲಿ ಬಹಳ ದಿನ ಇದ್ದಳು. ಎರಡು ಸಲ ಉಸಿರು ಮರೆತಳು, ಎರಡು ಸಲವೂ ನರ್ಸು ಪಾದಕ್ಕೆ ಚಿವುಟಿ ನೆನಪು ಮಾಡಿಕೊಟ್ಟಳು. ಹೊಳೆ ಇಳಿದು, ಹೊಲ ಆರಿ, ಹಿಂಗಾರಿ ಜೋಳದ ಬಿತ್ತನೆ ಮುಗಿದ ಮೇಲೆ ನಾವು ಅದೇ ಸೇತುವೆಯ ಮೇಲೆ ಮನೆಗೆ ಬಂದೆವು.

ಆಟಕ್ಕೆ ಕೂತದ್ದು ಅವಳು ಗೋಡೆ ಹಿಡಿದು ನಿಲ್ಲತೊಡಗಿದ ಮೇಲೆ. ಒಂದು ಮಧ್ಯಾಹ್ನ ಅತ್ತೆಯ ತೊಡೆಯ ಮೇಲೆ ಅವಳು ಮಲಗಿದ್ದಳು. ಅತ್ತೆಯೂ ನನ್ನ ಪಕ್ಕದಲ್ಲೇ ಕೂತು ಟಿವಿ ನೋಡುತ್ತಿದ್ದರು. ಕತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಸಾವಿಲ್ಲದವನು ಬೆಂಕಿ ಬಿದ್ದ ಒಂದು ಊರನ್ನು ಹಾದು ಹೊರಡುತ್ತಾನೆ. ದಾರಿ ಬದಿಯಲ್ಲಿ ಒಂದು ಕೂಸು ಬಿದ್ದು ಅಳುತ್ತಿದೆ. ಅವನು ನಿಲ್ಲುತ್ತಾನೆ. ಪರದೆಯ ಮೇಲೆ ಎರಡು ಸಾಲು ಮೂಡುತ್ತವೆ: ಎತ್ತಿಕೊಳ್ಳುವುದೋ, ಹಾದು ಹೋಗುವುದೋ. ಹಾದು ಹೋಗು, ಎತ್ತಿಕೊಂಡರೆ ಮುಂದೆ ಅಳಬೇಕಾಗುತ್ತದೆ ಅಂತ ಆಡಿ ಮುಗಿಸಿದವರೆಲ್ಲ ನನಗೆ ಹೇಳಿದ್ದರು. ಅವನು ಎಷ್ಟೋ ಜನರನ್ನು ಮಣ್ಣು ಮಾಡಿದವನು, ಇದೂ ಒಂದು ದಿನ ತನ್ನ ಕಣ್ಣ ಮುಂದೆ ಹೋಗುತ್ತದೆ ಅಂತ ಅವನಿಗೂ ಗೊತ್ತು. ನನ್ನ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು.

ಅಕ್ಷರ ಓದಲು ಬಾರದ ಅತ್ತೆ ಪರದೆಯನ್ನೇ ನೋಡುತ್ತಿದ್ದರು. ಗೌರಾಳ ಬೆನ್ನು ತಟ್ಟುತ್ತಿದ್ದ ಕೈ ನಿಲ್ಲಲಿಲ್ಲ.

“ಯಾಕ ನಿಂತಾನಬೇ ಹಂಗ, ಗೂಟದಂಗ?” ಅಂದರು. “ಕೂಸು ಅಳಾಕತ್ತದ. ಎತ್ಕೊ ಅನ್ನು ಅವಗ.”